ನೆಲೆಸಲು ತಕ್ಕ ನಾಡು ಯಾವುದು? ಜೈನ ಸಾಹಿತ್ಯದ ಸಾಕ್ಷ್ಯ

ಕ್ರಿ.ಶ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವನ್ನು ಸೂರೆಗೊಂಡನು. ಅಪಭ್ರಂಶದ ಮಹಾಕವಿ ಪುಷ್ಪದಂತನು ತನ್ನ ಮೇರುಕೃತಿಯಾದ ಮಹಾಪುರಾಣವನ್ನು ರಚಿಸಿದ್ದು ಅದೇ ನಗರದಲ್ಲಿ. ಆ ಕೃತಿಯ ಹಸ್ತಪ್ರತಿಗಳಲ್ಲಿ ದೊರೆಯುವ ಒಂದು ಸಂಸ್ಕೃತ ಪದ್ಯವು ಈ ದುರಂತವನ್ನು ನೆನೆಯುತ್ತದೆ. ದೀನರಿಗೂ ಅನಾಥರಿಗೂ ಆಸರೆಯಾಗಿದ್ದ, ವಿದ್ವಾಂಸರಿಗೆ ಪ್ರಿಯವಾಗಿದ್ದ ನಗರವು ಧಾರಾನಾಥನ ಕೋಪಾಗ್ನಿಗೆ ಆಹುತಿಯಾಯಿತು, ಇನ್ನು ಪುಷ್ಪದಂತ ಕವಿ ಎಲ್ಲಿ ವಾಸಮಾಡಬೇಕು ಎಂಬುದು ಅದರ ಆಶಯ.

ಈ ಪ್ರಶ್ನೆಯನ್ನು ಎತ್ತಿದವನು ಒಮ್ಮೆ ನೆಲೆಯಿಲ್ಲದೆ ಅಲೆದು ಬಂದವನೇ ಆಗಿದ್ದನು. ಮಹಾಪುರಾಣದ ಪೀಠಿಕೆಯಲ್ಲಿ ಅವನು ತನ್ನ ಆಗಮನದ ವೃತ್ತಾಂತವನ್ನು ಹೇಳಿಕೊಂಡಿದ್ದಾನೆ. ದಣಿದು ಬಂದ ಕವಿ ನಗರದ ಹೊರಗಿನ ತೋಪೊಂದರಲ್ಲಿ ವಿಶ್ರಮಿಸುತ್ತಿರುತ್ತಾನೆ. ಊರೊಳಗೆ ಬರಬೇಕೆಂದು ಇಬ್ಬರು ಕೇಳಿಕೊಂಡಾಗ, ಅರಸರ ಗಂಟುಮೋರೆಯನ್ನು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದೇ ಮೇಲೆಂದು ನಿರಾಕರಿಸುತ್ತಾನೆ. ಕೊನೆಗೆ ಅವನನ್ನು ಒಳಗೆ ಕರೆತಂದದ್ದು ಮಂತ್ರಿ ಭರತನ ಗುಣದ ಮೇಲಿನ ವಿಶ್ವಾಸ. ಭರತನ ಆಶ್ರಯದಲ್ಲಿ 959ರಲ್ಲಿ ಆರಂಭವಾದ ಮಹಾಪುರಾಣ 965ರಲ್ಲಿ ಮುಗಿಯಿತು. ಅನಂತರ ಭರತನ ಮಗ ನನ್ನನು ಕವಿಗೆ ಆಸರೆಯಾದನು. ದಕ್ಷಿಣಾಪಥದ ಅತಿ ದೊಡ್ಡ ರಾಜಧಾನಿಯ ವೈಭವ ಕವಿಯನ್ನು ಸೆಳೆಯಲಿಲ್ಲ. ವಿದ್ಯೆಯನ್ನು ಗೌರವಿಸುವ ಒಂದು ಮನೆ ಅವನನ್ನು ನಿಲ್ಲಿಸಿತು.

ನಾಡಿನ ಯಾವ ಭಾಗ ಬಾಳಲು ಉತ್ತಮ ಎಂಬ ಪ್ರಶ್ನೆ ಇಂದು ಮತ್ತೆ ಚಾಲ್ತಿಯಲ್ಲಿದೆ. ಕೇಂದ್ರ ಸರ್ಕಾರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಸುಗಮ ಜೀವನ ಸೂಚ್ಯಂಕವೆಂಬ ಹೆಸರಿನಲ್ಲಿ ನಗರಗಳಿಗೆ ಅಂಕ ಕೊಟ್ಟಿದೆ. 2018ರ ಪಟ್ಟಿಯಲ್ಲಿ ಪುಣೆ ಮೊದಲ ಸ್ಥಾನದಲ್ಲಿತ್ತು. 2020ರ ಪಟ್ಟಿಯಲ್ಲಿ, ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ನಗರಗಳ ಪೈಕಿ, ಬೆಂಗಳೂರಿಗೆ ಮೊದಲ ಸ್ಥಾನ ದೊರೆಯಿತು. ಇಂತಹ ಪಟ್ಟಿಗಳು ಪ್ರಕಟವಾದಾಗ ಗೆದ್ದ ನಗರದವರು ಹಿಗ್ಗುತ್ತಾರೆ, ಉಳಿದವರು ಲೆಕ್ಕದ ಕ್ರಮವನ್ನು ಅನುಮಾನಿಸುತ್ತಾರೆ. ಊರು ತನ್ನ ನಿವಾಸಿಗೆ ಏನು ಕೊಡುತ್ತದೆ ಎಂಬುದನ್ನು ಮಾತ್ರ ಅಳೆಯುವ ಕ್ರಮ ಸಾಕೇ ಎಂದು ಕೇಳುವವರು ವಿರಳ. ಇದೇ ವಿಷಯದಲ್ಲಿ ಜೈನ ಸಾಹಿತ್ಯವೂ ಶಾಸನಗಳೂ ಒಂದು ಸಾವಿರ ವರ್ಷಕ್ಕೂ ಹಿಂದೆ ನಡೆಸಿದ ಚಿಂತನೆ ಇಂದಿನ ಪಟ್ಟಿಗಳಿಗಿಂತ ಹೆಚ್ಚು ಸೂಕ್ಷ್ಮವಾದುದು. ಅದನ್ನು ಹಳೆಯ ಕುತೂಹಲವೆಂದು ಬದಿಗಿಡದೆ ಇಂದಿನ ಆಯ್ಕೆಗಳಿಗೆ ಒರೆಗಲ್ಲಾಗಿ ಬಳಸುವುದು ಉಚಿತ.

ಮೊದಲು ಕವಿರಾಜಮಾರ್ಗವನ್ನು ನೋಡಬಹುದು. ಕ್ರಿ.ಶ. 850ರ ಸುಮಾರಿನಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ಈ ಲಕ್ಷಣಗ್ರಂಥವು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದ ನಾಡನ್ನು ಕನ್ನಡದ ನಾಡೆಂದು ಗುರುತಿಸುತ್ತದೆ. ಆ ವಿಸ್ತಾರದೊಳಗೆ ಮತ್ತೊಂದು ಚಿಕ್ಕ ವಲಯವನ್ನು ಎತ್ತಿ ತೋರಿಸುತ್ತದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನೆಲವೇ ಕನ್ನಡದ ತಿರುಳು ಎಂಬುದು ಅದರ ನಿಲುವು. ಇವು ಕ್ರಮವಾಗಿ ಇಂದಿನ ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು, ಕೊಪ್ಪಳ, ಗದಗ ಜಿಲ್ಲೆಯ ಲಕ್ಷ್ಮೇಶ್ವರ ಹಾಗೂ ಬೆಳಗಾವಿ ಜಿಲ್ಲೆಯ ಒಕ್ಕುಂದ. ನಾಲ್ಕೂ ಜೈನ ಸಂಸ್ಕೃತಿಯ ಕುರುಹುಗಳನ್ನು ಉಳಿಸಿಕೊಂಡಿರುವ ಊರುಗಳು.

ಈ ಪಟ್ಟಿಯಲ್ಲಿ ಮಾನ್ಯಖೇಟವಿಲ್ಲ. ಶ್ರೀವಿಜಯನ ಆಶ್ರಯದಾತನ ರಾಜಧಾನಿ, ಕಾಗಿಣಾ ತೀರದ ಆ ಮಹಾನಗರ, ತಿರುಳಿನ ವಲಯಕ್ಕೆ ಸಾಕಷ್ಟು ದೂರದಲ್ಲಿ ಈಶಾನ್ಯಕ್ಕಿದೆ. ದೊರೆಯ ಸಮ್ಮತಿ ಪಡೆದ ಗ್ರಂಥವೊಂದು ದೊರೆಯ ಊರನ್ನು ನಾಡಿನ ತಿರುಳೆಂದು ಕರೆಯಲು ಯಾವ ಅಡ್ಡಿಯೂ ಇರಲಿಲ್ಲ. ಹಾಗೆ ಕರೆಯದಿರುವುದು ಅಧಿಕಾರದ ಕೇಂದ್ರ ಬೇರೆ, ಸಂಸ್ಕೃತಿಯ ಕೇಂದ್ರ ಬೇರೆ ಎಂಬ ತಿಳಿವಳಿಕೆ ಆ ಕಾಲದಲ್ಲಿ ಸಹಜವಾಗಿತ್ತು ಎಂಬುದನ್ನು ತೋರಿಸುತ್ತದೆ.

ತಿರುಳು ಎಂಬುದು ಭಾಷೆಯನ್ನು ಕುರಿತ ಮಾತು, ವಾಸಯೋಗ್ಯತೆಯನ್ನು ಕುರಿತದ್ದಲ್ಲ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಆದರೆ ಶ್ರೀವಿಜಯನು ಭಾಷೆಯ ಗುಣವನ್ನು ಜನರ ಗುಣದಿಂದ ಬೇರ್ಪಡಿಸಿ ನೋಡುವುದಿಲ್ಲ. ಸಂದರ್ಭವರಿತು ಆಡಬಲ್ಲ, ಆಡಿದ್ದನ್ನು ಅರಿತು ತೂಗಬಲ್ಲ, ಗ್ರಂಥಾಭ್ಯಾಸವಿಲ್ಲದೆಯೂ ಕಾವ್ಯದ ಮರ್ಮವನ್ನು ಬಲ್ಲ ಜನರನ್ನು ಅವನು ಈ ನಾಡಿನ ವಿಶೇಷವೆಂದು ಹೊಗಳುತ್ತಾನೆ. ಮಣ್ಣಿನ ಫಲವತ್ತತೆಯನ್ನಾಗಲಿ ಕೋಟೆಯ ಬಲವನ್ನಾಗಲಿ ಅವನು ಮುಂದಿಡುವುದಿಲ್ಲ. ಇದರಲ್ಲಿ ಆಸ್ಥಾನಕವಿಯ ಉತ್ಪ್ರೇಕ್ಷೆಯೂ ಇದೆ ಎಂಬುದನ್ನು ಒಪ್ಪಬೇಕು. ಕನ್ನಡದಲ್ಲಿ ದೇಸಿಗಳು ಎಷ್ಟೆಂದರೆ ವಾಸುಕಿಯೂ ಎಣಿಸಿ ಬೇಸರಗೊಂಡಾನು ಎಂಬ ಭಾವವೂ ಅದೇ ಗ್ರಂಥದಲ್ಲಿ ಬರುವುದರಿಂದ, ತಿರುಳನ್ನು ಗುರುತಿಸುವುದು ಉಳಿದ ಭಾಗಗಳನ್ನು ಕೀಳುಗಳೆಯುವುದಕ್ಕಾಗಿ ಅಲ್ಲ ಎಂಬುದು ಸ್ಪಷ್ಟ. ನೆಲದ ಮೇಲ್ಮೆಯನ್ನು ಅಲ್ಲಿನ ಜನರ ವಿವೇಕದಿಂದ ಅಳೆಯಬೇಕೆಂಬ ಮಾನದಂಡ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

ಇದಕ್ಕೂ ಹಿಂದಿನ ಸಾಕ್ಷ್ಯ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿದೆ. ಕ್ರಿ.ಶ. ಸುಮಾರು 600ರ ಕಾಲದ ಆ ಪ್ರಸಿದ್ಧ ಸಂಸ್ಕೃತ ಶಾಸನದ ಪ್ರಕಾರ, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರಲಿದೆಯೆಂದು ನಿಮಿತ್ತಜ್ಞಾನಿಯಾದ ಭದ್ರಬಾಹು ಸ್ವಾಮಿ ನುಡಿದಾಗ ಇಡೀ ಸಂಘವು ಉತ್ತರಾಪಥವನ್ನು ಬಿಟ್ಟು ದಕ್ಷಿಣಾಪಥಕ್ಕೆ ಹೊರಟಿತು. ಈ ಭದ್ರಬಾಹು ಯಾರು, ಶ್ರುತಕೇವಲಿಯೇ ಅನಂತರದವರೇ ಎಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಪ್ರಸ್ತುತ ವಿಷಯಕ್ಕೆ ಆ ಚರ್ಚೆಗಿಂತ ಶಾಸನವು ಎರಡು ಸ್ಥಳಗಳನ್ನು ಚಿತ್ರಿಸುವ ಬಗೆ ಮುಖ್ಯ.

ಸಂಘವು ಬಂದು ಸೇರಿದ್ದು ನೂರಾರು ಹಳ್ಳಿಗಳ, ಜನ, ಧನ, ಧಾನ್ಯ, ದನ, ಎಮ್ಮೆ, ಆಡು, ಕುರಿಗಳಿಂದ ತುಂಬಿದ ಸಮೃದ್ಧ ಜನಪದಕ್ಕೆ. ಆಹಾರಕ್ಕಾಗಿ ಶ್ರಾವಕರನ್ನೇ ಅವಲಂಬಿಸಿದ ಮುನಿಗಳಿಗೆ ಅದು ಅಗತ್ಯ. ಗೃಹಸ್ಥನ ಮನೆಯಲ್ಲಿ ಅನ್ನವಿಲ್ಲದಿದ್ದರೆ ಮುನಿಯ ಚರ್ಯೆ ನಡೆಯದು. ಆದರೆ ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಆಯುಷ್ಯ ಅಲ್ಪವೆಂದು ಅರಿತಾಗ ಸಂಘವನ್ನು ಮುಂದೆ ಕಳುಹಿಸಿ, ಒಬ್ಬನೇ ಶಿಷ್ಯನೊಡನೆ ಕಟವಪ್ರ ಗಿರಿಯಲ್ಲಿ ಉಳಿದು ಸಮಾಧಿಮರಣವನ್ನು ಸಾಧಿಸಿದನು. ಆ ಗಿರಿಯನ್ನು ಶಾಸನವು ಹಂದಿ, ಹುಲಿ, ಕರಡಿ, ಹಾವುಗಳು ತುಂಬಿದ, ಗುಹೆ ಕಂದರಗಳ ನೆಲೆಯೆಂದು ವರ್ಣಿಸುತ್ತದೆ. ಬದುಕಲು ಯಾತ್ರೆ ಹೊರಟವರಿಗೆ ಒಂದು ನೆಲ ತಕ್ಕದ್ದಾಯಿತು, ಸಾವನ್ನು ಎದುರುಗೊಳ್ಳಲು ನಿಂತವನಿಗೆ ಇನ್ನೊಂದು. ಒಂದೇ ಶಾಸನ, ಒಂದೇ ಸಂಘ, ಎರಡು ಉತ್ತರ. ಎರಡನ್ನೂ ಶಾಸನವು ಸಮಾನ ಗೌರವದಿಂದ ಕೊರೆದಿಟ್ಟಿದೆ. ಉತ್ತಮ ಸ್ಥಳವೆಂಬುದು ಯಾರಿಗೆ, ಯಾವ ಸಾಧನೆಗೆ ಎಂಬುದನ್ನು ಬಿಟ್ಟು ನಿರ್ಧರಿಸಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆಚಾರಗ್ರಂಥಗಳು ಇದೇ ವಿವೇಕವನ್ನು ನಿಯಮವಾಗಿ ರೂಪಿಸಿವೆ. ಮೂಲಾಚಾರವು ಮುನಿಗೆ ಹಳ್ಳಿಯಲ್ಲಿ ಒಂದು ರಾತ್ರಿ, ನಗರದಲ್ಲಿ ಐದು ದಿನಗಳ ವಾಸವನ್ನು ವಿಧಿಸುತ್ತದೆ. ಮಳೆಗಾಲದ ವರ್ಷಾಯೋಗ ಮಾತ್ರ ಇದಕ್ಕೆ ಹೊರತು. ತತ್ತ್ವಾರ್ಥಸೂತ್ರವು ವಿವಿಕ್ತಶಯ್ಯಾಸನವನ್ನು ಬಾಹ್ಯ ತಪಸ್ಸುಗಳಲ್ಲಿ ಒಂದಾಗಿ ಎಣಿಸುತ್ತದೆ. ನೆಲೆಯ ಮೋಹ ಬೆಳೆಯದಂತೆ ನೋಡಿಕೊಳ್ಳುವುದು ಇವುಗಳ ಉದ್ದೇಶ. ಆದರೆ ಇದರಿಂದ ಸ್ಥಳದ ಗುಣಾವಗುಣಗಳಿಗೆ ಬೆಲೆಯಿಲ್ಲವೆಂದು ತಿಳಿಯಬಾರದು. ಸಲ್ಲೇಖನವನ್ನು ವಿಸ್ತಾರವಾಗಿ ನಿರೂಪಿಸುವ ಶಿವಾರ್ಯನ ಭಗವತೀ ಆರಾಧನೆಯು, ಆರಾಧನೆ ವಿಘ್ನವಿಲ್ಲದೆ ನಡೆಯುವುದೇ ಎಂದು ಅರಿಯಲು ಆ ರಾಜ್ಯ, ದೇಶ, ಊರು ಹಾಗೂ ಅಲ್ಲಿನ ಒಡೆಯನ ಸ್ಥಿತಿಯನ್ನು ಮೊದಲೇ ಪರಿಶೀಲಿಸಬೇಕೆನ್ನುತ್ತದೆ. ದೇಹವನ್ನೇ ತೊರೆಯಲು ಹೊರಟವನು ಕೂಡ ನೆಲವನ್ನು ಪರೀಕ್ಷಿಸಿ ಆರಿಸಬೇಕು. ಸ್ಥಳವನ್ನು ಎಚ್ಚರದಿಂದ ಆರಿಸುವುದಕ್ಕೂ ಅದಕ್ಕೆ ಅಂಟಿಕೊಳ್ಳದಿರುವುದಕ್ಕೂ ಇಲ್ಲಿ ವಿರೋಧವಿಲ್ಲ.

ಗೃಹಸ್ಥರ ಹಾಗೂ ಆಳುವವರ ದೃಷ್ಟಿಯಿಂದ ಇದೇ ಪ್ರಶ್ನೆಯನ್ನು ಎತ್ತಿಕೊಂಡವನು ಸೋಮದೇವಸೂರಿ. ವೇಮುಲವಾಡದ ಚಾಲುಕ್ಯರ ನಾಡಿನಲ್ಲಿ, 959ರಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದ ಈ ಆಚಾರ್ಯನು ತನ್ನ ನೀತಿವಾಕ್ಯಾಮೃತದಲ್ಲಿ ಜನಪದಕ್ಕಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಗಣಿ, ಧಾನ್ಯ, ಸರಕುಗಳ ಸಮೃದ್ಧಿ, ತೀರ ದೊಡ್ಡವೂ ತೀರ ಚಿಕ್ಕವೂ ಅಲ್ಲದ ಹಳ್ಳಿಗಳು, ಮಳೆಯೊಂದನ್ನೇ ನಂಬಿರದ ನೀರಾವರಿ, ದುಡಿಯುವ ಜನ ಇವು ಅವನ ದೃಷ್ಟಿಯಲ್ಲಿ ಒಳ್ಳೆಯ ಜನಪದದ ಗುಣಗಳು. ವಿಷದ ಹುಲ್ಲು ಮತ್ತು ನೀರು, ಚೌಳು ಮಣ್ಣು, ಕಲ್ಲು ಮುಳ್ಳು, ಬೆಟ್ಟ, ಕಂದರ, ಗುಹೆ, ಹಾವು ಮೃಗಗಳ ಕಾಟ ಇವು ದೋಷಗಳು. ಮೋಡದ ನೀರಿನಿಂದಲೇ ಬೆಳೆಯಬೇಕಾದ ನಾಡಿನಲ್ಲಿ ಸದಾ ಬರವೇ ಎಂದು ಅವನು ಖಂಡಿತವಾಗಿ ಹೇಳುತ್ತಾನೆ. ಕಟವಪ್ರದ ಶಾಸನವು ಆದರದಿಂದ ವರ್ಣಿಸಿದ ಗುಹೆ ಕಂದರಗಳೂ ವನ್ಯಮೃಗಗಳೂ ಇಲ್ಲಿ ದೋಷಗಳ ಸಾಲಿನಲ್ಲಿವೆ. ಇಬ್ಬರೂ ತಪ್ಪಿಲ್ಲ. ಒಬ್ಬರು ಮುನಿಯ ಅಂತ್ಯಕಾಲವನ್ನು, ಇನ್ನೊಬ್ಬರು ಒಕ್ಕಲಿನ ಬಾಳನ್ನು ಕಣ್ಣಮುಂದಿಟ್ಟುಕೊಂಡಿದ್ದಾರೆ.

ಸೋಮದೇವನ ನಿಜವಾದ ಹೆಚ್ಚುಗಾರಿಕೆ ಗುಣದೋಷಗಳ ಪಟ್ಟಿಯಲ್ಲಿಲ್ಲ. ಅಂತಹ ಪಟ್ಟಿಗಳು ಅರ್ಥಶಾಸ್ತ್ರದ ಪರಂಪರೆಯಲ್ಲಿ ಮೊದಲೇ ಇದ್ದವು. ಒಳ್ಳೆಯ ಜನಪದವೂ ಹೇಗೆ ಬರಿದಾಗುತ್ತದೆ ಎಂಬುದನ್ನು ಅವನು ವಿವರಿಸುವ ಬಗೆ ಗಮನಾರ್ಹ. ತೆನೆಯಲ್ಲಿ ಇನ್ನೂ ಹಾಲಿರುವಾಗಲೇ ತೆರಿಗೆ ವಸೂಲಿ ಮಾಡಿದರೆ ಜನ ಊರು ಬಿಡುತ್ತಾರೆ. ಕೊಯ್ಲಿನ ಕಾಲದಲ್ಲಿ ಸೇನೆ ನಡೆದರೆ ಬರ ಬರುತ್ತದೆ. ವಸೂಲಿಯಲ್ಲಿ ಪ್ರಜೆಗೆ ಕೊಡುವ ಚಿಕ್ಕ ಕಿರುಕುಳವೂ ದೊಡ್ಡ ಸಂಪತ್ತನ್ನು ನಾಶಮಾಡುತ್ತದೆ. ಇವು ಅವನ ಸೂತ್ರಗಳ ಸಾರ. ಹಾಗೆಯೇ ಹೊರನಾಡಿಗೆ ಹೋದವರನ್ನು ಅರಸನು ದಾನದಿಂದಲೂ ಮಾನದಿಂದಲೂ ತಿರುಗಿ ಕರೆತಂದು ನೆಲೆಗೊಳಿಸಬೇಕೆನ್ನುತ್ತಾನೆ. ಊರು ಬಿಟ್ಟವನನ್ನು ಅವನು ದೂರುವುದಿಲ್ಲ. ಬಿಡುವಂತೆ ಮಾಡಿದ ಆಡಳಿತವನ್ನು ಹೊಣೆಯಾಗಿಸುತ್ತಾನೆ. ತಿರುಗಿ ಕರೆಯುವಾಗ ದಾನದ ಜೊತೆಗೆ ಮಾನವನ್ನೂ ಸೇರಿಸಿದ್ದು ಅವನ ಲೋಕಜ್ಞಾನಕ್ಕೆ ಸಾಕ್ಷಿ. ಹಣ ಕೊಟ್ಟರೆ ಜನ ಬಂದಾರು, ಗೌರವವಿಲ್ಲದೆ ನಿಲ್ಲಲಾರರು.

ಇದೇ ವೇಮುಲವಾಡದ ಅರಸುಮನೆತನದ ಆಶ್ರಯದಲ್ಲಿ ಕೆಲವೇ ದಶಕಗಳ ಹಿಂದೆ ಪಂಪನಿದ್ದನು. ಅರಿಕೇಸರಿಯ ಮನ್ನಣೆ, ಧರ್ಮಪುರದ ಅಗ್ರಹಾರ, ಕವಿಗೆ ಬೇಕಾದುದೆಲ್ಲವೂ ಅವನಿಗೆ ಅಲ್ಲಿ ದೊರೆತಿತ್ತು. ಆದರೂ 941ರ ವಿಕ್ರಮಾರ್ಜುನ ವಿಜಯದಲ್ಲಿ ಅವನ ಮನಸ್ಸು ಹರಿಯುವುದು ಬನವಾಸಿಗೆ. ಕಾವ್ಯದ ಭಾಷೆಗೆ ಅವನು ಆಧಾರವಾಗಿ ಹೆಸರಿಸುವುದು ಪುಲಿಗೆರೆಯ ತಿರುಳುಗನ್ನಡವನ್ನು. ಉಂಡದ್ದು ಒಂದೆಡೆ, ನೆನೆದದ್ದು ಇನ್ನೊಂದೆಡೆ, ನುಡಿದದ್ದು ಮತ್ತೊಂದೆಡೆಯ ಮಾತು. ಒಬ್ಬ ಮನುಷ್ಯನಿಗೆ ಒಂದೇ ನೆಲೆಯೆಂಬ ಕಲ್ಪನೆಯನ್ನು ಪಂಪನ ಬದುಕು ಸುಳ್ಳಾಗಿಸುತ್ತದೆ. ಹತ್ತನೆಯ ಶತಮಾನದಲ್ಲಿಯೇ ಕನ್ನಡದ ಮಹಾಕವಿ ಹೊರನಾಡ ಕನ್ನಡಿಗನಾಗಿದ್ದನು ಎಂಬುದನ್ನು ಇಂದು ದೂರದ ನಾಡುಗಳಲ್ಲಿ ನೆಲೆಸಿರುವವರು ನೆನೆಯಬಹುದು.

ಇದಕ್ಕೆ ಪೂರಕವಾದ ಇನ್ನೊಂದು ನಿದರ್ಶನ ಪುನ್ನಾಟ ಸಂಘದ್ದು. ಹರಿವಂಶಪುರಾಣವನ್ನು 783ರಲ್ಲಿ ಪೂರ್ಣಗೊಳಿಸಿದ ಜಿನಸೇನನೂ ಬೃಹತ್ಕಥಾಕೋಶವನ್ನು 931ರಲ್ಲಿ ಮುಗಿಸಿದ ಹರಿಷೇಣನೂ ಈ ಸಂಘದವರು. ಇಬ್ಬರೂ ಬರೆದದ್ದು ವರ್ಧಮಾನಪುರದಲ್ಲಿ. ಅದು ಕಾಠಿಯಾವಾಡದ ವಢವಾಣವೋ ಮಾಳವದ ಬದನಾವರವೋ ಎಂಬ ಬಗ್ಗೆ ಅಭಿಪ್ರಾಯಭೇದವಿದೆ. ಎರಡರಲ್ಲಿ ಯಾವುದಾದರೂ ದಕ್ಷಿಣ ಕರ್ನಾಟಕದ ಪುನ್ನಾಟದಿಂದ ಬಹುದೂರ. ಮುನಿಗಳು ನೆಲವನ್ನು ಬಿಟ್ಟು ಹೋದರೂ ಅದರ ಹೆಸರನ್ನು ತಲೆಮಾರುಗಳ ಕಾಲ ಹೊತ್ತರು. ಹರಿಷೇಣನ ಭದ್ರಬಾಹು ಕಥೆಯಲ್ಲಿ ಕ್ಷಾಮಪೀಡಿತ ಸಂಘವು ಹೊರಡುವುದೂ ಪುನ್ನಾಟದ ಕಡೆಗೇ.

ಈ ಚರ್ಚೆಗೆ ಅತ್ಯಂತ ಹೊಂದುವ ಜೀವನ ಪಂಡಿತ ಆಶಾಧರನದು. ಇಂದಿನ ರಾಜಸ್ಥಾನದ ಮಂಡಲಗಢದವನಾದ ಅವನು, ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಘೋರಿಯ ಆಕ್ರಮಣದಿಂದ ಆ ಪ್ರದೇಶ ಕಂಗೆಟ್ಟಾಗ, ಪರಿವಾರದೊಡನೆ ಮಾಳವದ ಧಾರಾನಗರಕ್ಕೆ ವಲಸೆ ಬಂದನು. ಮಾನ್ಯಖೇಟವನ್ನು ಸುಟ್ಟ ಪರಮಾರರ ವಂಶವೇ ಎರಡು ಶತಮಾನಗಳ ಅನಂತರ ಇನ್ನೊಬ್ಬ ಜೈನ ಪಂಡಿತನಿಗೆ ಆಸರೆಯಾಯಿತು. ಒಂದು ನಗರವನ್ನು ಶಾಶ್ವತವಾಗಿ ಒಳ್ಳೆಯದೆಂದೋ ಕೆಟ್ಟದ್ದೆಂದೋ ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ಧಾರೆಯಲ್ಲಿ ಆಶಾಧರನು ವ್ಯಾಕರಣ, ನ್ಯಾಯಗಳನ್ನು ಓದಿದನು. ಅದು ವಿದ್ಯೆಗೆ ಹೆಸರಾದ ರಾಜಧಾನಿ. ಅಲ್ಲಿಯೇ ಉಳಿಯಲು ಅವನಿಗೆ ಎಲ್ಲ ಅನುಕೂಲಗಳೂ ಇದ್ದವು. ಆದರೆ ಅರ್ಜುನವರ್ಮನ ಕಾಲದಲ್ಲಿ ಅವನು ಧಾರೆಯನ್ನು ಬಿಟ್ಟು ನಲಕಚ್ಛಪುರವೆಂಬ ಚಿಕ್ಕ ಊರಿಗೆ, ಇಂದಿನ ನಾಲ್ಛಾಕ್ಕೆ, ಹೋಗಿ ನೆಲೆಸಿದನು. ಶ್ರಾವಕರಿಂದ ತುಂಬಿದ ಆ ಊರಿನಲ್ಲಿ ಜಿನಧರ್ಮದ ಏಳಿಗೆಗಾಗಿ ವಾಸಿಸಿದೆನೆಂದು ತನ್ನ ಪ್ರಶಸ್ತಿಯಲ್ಲಿ ಕಾರಣವನ್ನೂ ಹೇಳಿದ್ದಾನೆ. ಸಾಗಾರಧರ್ಮಾಮೃತದ ಟೀಕೆ 1239ರಲ್ಲಿಯೂ ಅನಗಾರಧರ್ಮಾಮೃತದ ಟೀಕೆ 1243ರಲ್ಲಿಯೂ ಅಲ್ಲಿನ ನೇಮಿಜಿನ ಚೈತ್ಯಾಲಯದಲ್ಲಿ ಮುಗಿದವು. ಆಶಾಧರನ ಎರಡು ವಲಸೆಗಳ ಸ್ವರೂಪ ಒಂದೇ ಅಲ್ಲ. ಮೊದಲನೆಯದು ಪ್ರಾಣ ಮತ್ತು ಆಚಾರದ ರಕ್ಷಣೆಗಾಗಿ. ಅದಕ್ಕೆ ಶಾಸ್ತ್ರದ ಸಮ್ಮತಿಯೂ ಇದೆ. ಹೇಮಚಂದ್ರಾಚಾರ್ಯನ ಯೋಗಶಾಸ್ತ್ರವು ಗೃಹಸ್ಥನ ಮೂವತ್ತೈದು ಗುಣಗಳಲ್ಲಿ ಉಪದ್ರವಗ್ರಸ್ತವಾದ ಸ್ಥಳವನ್ನು ತೊರೆಯುವುದನ್ನೂ ಒಳ್ಳೆಯ ನೆರೆಹೊರೆಯಿರುವಲ್ಲಿ ವಾಸಿಸುವುದನ್ನೂ ಸೇರಿಸುತ್ತದೆ. ಎರಡನೆಯ ವಲಸೆ ತನಗೆ ಏನು ದೊರೆಯುತ್ತದೆ ಎಂಬುದನ್ನು ನೋಡಿ ಮಾಡಿದ್ದಲ್ಲ. ತನ್ನ ವಿದ್ಯೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ನೋಡಿ ಮಾಡಿದ್ದು. ಗೃಹಸ್ಥಧರ್ಮವನ್ನು ಕುರಿತ ಪ್ರಮಾಣಗ್ರಂಥವೊಂದು ಪೂರ್ಣರೂಪ ತಳೆದದ್ದು ಗೃಹಸ್ಥರ ನಡುವೆಯೇ ಎಂಬುದು ಆಕಸ್ಮಿಕವಲ್ಲ.

ಈ ಎಲ್ಲ ನಿದರ್ಶನಗಳ ಹಿಂದೆ ಜೈನ ಲೋಕವಿಚಾರದ ಒಂದು ಮೂಲಭೂತ ಕಲ್ಪನೆಯಿದೆ. ಭೋಗಭೂಮಿಯಲ್ಲಿ ಕಲ್ಪವೃಕ್ಷಗಳು ಬೇಕಾದುದನ್ನೆಲ್ಲ ಕೊಡುತ್ತವೆ. ಅಲ್ಲಿ ದುಡಿಮೆಯಿಲ್ಲ, ಕೊರತೆಯಿಲ್ಲ. ಆದರೆ ಅಲ್ಲಿಂದ ಮೋಕ್ಷವೂ ಇಲ್ಲ, ಏಕೆಂದರೆ ಸಂಯಮವಿಲ್ಲ. ಕಲ್ಪವೃಕ್ಷಗಳು ಮರೆಯಾಗಿ ಜನ ಕಂಗೆಟ್ಟಾಗ ಆದಿದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸಿದನು. ಆಗ ಈ ನೆಲ ಕರ್ಮಭೂಮಿಯಾಯಿತು, ಮೋಕ್ಷದ ಬಾಗಿಲೂ ತೆರೆಯಿತು. ಸೂಚ್ಯಂಕಗಳು ಹುಡುಕುವುದು ಭೋಗಭೂಮಿಯನ್ನು. ಕುಡಿಯುವ ನೀರು, ಚಿಕಿತ್ಸೆ, ಭದ್ರತೆ ತುಚ್ಛವೆಂದು ಇದರ ಅರ್ಥವಲ್ಲ. ಸೋಮದೇವನು ಅವನ್ನು ತುಚ್ಛವೆಂದು ಎಣಿಸಲಿಲ್ಲ. ಆದರೆ ಅವನ್ನು ಮರದಿಂದ ಉದುರುವ ಹಣ್ಣುಗಳೆಂದು ತಿಳಿದು ಅರಸುವುದು ಕರ್ಮಭೂಮಿಯ ನಿಯಮಕ್ಕೆ ಹೊಂದುವುದಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಬಡಾವಣೆಗಳು ಟ್ಯಾಂಕರುಗಳಿಗಾಗಿ ಕಾದಾಗ, ಪಟ್ಟಿಯ ಮೊದಲ ಸ್ಥಾನದ ನಗರವೂ ದೂರದ ಕಾವೇರಿಯನ್ನೂ ಮೋಡದ ನೀರನ್ನೂ ಎಷ್ಟು ನಂಬಿದೆ ಎಂಬುದು ಎಲ್ಲರಿಗೂ ತಿಳಿಯಿತು.

ಜೈನ ಪರಂಪರೆಗೆ ತನ್ನದೇ ಆದ ಸೂಚ್ಯಂಕವಿದೆ ಎನ್ನಬಹುದಾದರೆ ಅದು ಚತುರ್ವಿಧ ದಾನ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಇಂದಿನ ಅಂಕಪಟ್ಟಿಗಳ ಅಂಕಣಗಳೂ ಬಹುಮಟ್ಟಿಗೆ ಇವೇ. ವ್ಯತ್ಯಾಸವೆಂದರೆ, ಪಟ್ಟಿಯಲ್ಲಿ ಇವು ಊರಿನ ಲಕ್ಷಣಗಳು, ಪರಂಪರೆಯಲ್ಲಿ ಊರಿನವರು ಮಾಡಬೇಕಾದ ಕೆಲಸಗಳು. ಕರ್ನಾಟಕದ ಬಸದಿಗಳಿಗೆ ದೊರೆತ ದತ್ತಿಗಳಲ್ಲಿ ಆಹಾರದಾನ, ಶಾಸ್ತ್ರದಾನಗಳ ಉಲ್ಲೇಖ ಮತ್ತೆ ಮತ್ತೆ ಬರುವುದು ಈ ಕಾರಣದಿಂದ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, 993ರಲ್ಲಿ ರನ್ನನಿಂದ ಅಜಿತಪುರಾಣವನ್ನು ಬರೆಸಿದಳು, ಲೊಕ್ಕಿಗುಂಡಿಯಲ್ಲಿ ಜಿನಾಲಯವನ್ನು ಎತ್ತಿಸಿದಳು. ಲಕ್ಕುಂಡಿ ಅವಳಿಗೆ ಸಿದ್ಧವಾಗಿ ದೊರೆತ ತೀರ್ಥವಲ್ಲ, ಅವಳಂತಹವರಿಂದ ತೀರ್ಥವಾದ ಊರು. ಮುಳುಗುಂದವೂ ಹಾಗೆಯೇ. 1047ರಲ್ಲಿ ಮಲ್ಲಿಷೇಣನ ಮಹಾಪುರಾಣ, 1112ರಲ್ಲಿ ನಯಸೇನನ ಧರ್ಮಾಮೃತ ಅಲ್ಲಿ ಹುಟ್ಟಿದವು. ಒಂದು ಸಾಮಾನ್ಯ ಊರು ಎರಡು ಭಾಷೆಗಳ ಸಾಹಿತ್ಯಕ್ಕೆ ನೆಲೆಯಾಗಿದ್ದರೆ ಅದರ ಹಿಂದೆ ಓದುವವರನ್ನೂ ಬರೆಯುವವರನ್ನೂ ಪೋಷಿಸಿದ ಗೃಹಸ್ಥರ ತಲೆಮಾರುಗಳಿವೆ.

ಇಂದಿನ ಸ್ಥಿತಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2011ರ ಜನಗಣತಿಯಂತೆ ಭಾರತದ ಜೈನರು ಸುಮಾರು 44.5 ಲಕ್ಷ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ದೇಶದ ಒಟ್ಟು ಜನಸಂಖ್ಯೆಯಲ್ಲಿ ನಗರವಾಸಿಗಳು ಶೇ. 31ರಷ್ಟಿದ್ದರೆ ಜೈನರಲ್ಲಿ ಅವರ ಪ್ರಮಾಣ ಶೇ. 80ರ ಹತ್ತಿರ. ಪ್ರಾಚೀನ ಬಸದಿಗಳಲ್ಲಿ ಹೆಚ್ಚಿನವು ಇರುವುದು ಹಳ್ಳಿಗಳಲ್ಲಿ ಮತ್ತು ಚಿಕ್ಕ ಪಟ್ಟಣಗಳಲ್ಲಿ. ಇನ್ನೊಂದು ಕಡೆ, ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿಯು 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಶ್ರೀವಿಜಯನ ತಿರುಳಿನ ಒಂದು ಮೂಲೆಯಾದ ಕೊಪ್ಪಳವು ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬೇಕಾದ ಪ್ರದೇಶದೊಳಗೆ ಸೇರಿದೆ. ಒಂದು ಕಾಲದಲ್ಲಿ ನಾಡಿಗೆ ಮಾದರಿಯಾಗಿದ್ದ ನೆಲದಿಂದಲೇ ಇಂದಿನ ಯುವಕರು ಬೆಂಗಳೂರಿಗೂ ಪುಣೆಗೂ ಹೊರಡುತ್ತಿದ್ದಾರೆ.

ಹೊರಟವರನ್ನು ನಿಂದಿಸುವುದು ಪರಂಪರೆಗೆ ಮಾಡುವ ಅನ್ಯಾಯ. ಭದ್ರಬಾಹುವಿನ ಸಂಘ ಕ್ಷಾಮವನ್ನು ಕಂಡು ಹೊರಟಿತು, ಆಶಾಧರನು ಆಕ್ರಮಣವನ್ನು ಕಂಡು ಹೊರಟನು. ಮಳೆ ತಪ್ಪಿದ ಹೊಲವನ್ನೂ ಕೆಲಸವಿಲ್ಲದ ಪೇಟೆಯನ್ನೂ ಬಿಟ್ಟು ಹೊರಡುವವನ ಕಾರಣ ಅವರದಕ್ಕಿಂತ ಕಿರಿದಲ್ಲ. ತಾನು ಹುಟ್ಟಿದ ಊರೇ ಶ್ರೇಷ್ಠವೆಂಬ ಹಟವನ್ನೂ ಜೈನ ದೃಷ್ಟಿ ಒಪ್ಪದು. ಕ್ಷೇತ್ರವನ್ನೂ ಪರಿಗ್ರಹಗಳ ಸಾಲಿನಲ್ಲಿ ಎಣಿಸುವ ಧರ್ಮದಲ್ಲಿ ಊರಭಿಮಾನವೂ ಪರಿಮಿತವಾಗಿರಬೇಕು. ಆದರೆ ಹೊರಟವರ ದಾನ ಎಲ್ಲಿಗೆ ಹರಿಯುತ್ತಿದೆ ಎಂದು ಕೇಳುವ ಹಕ್ಕು ಪರಂಪರೆಗಿದೆ. ಮಹಾನಗರದಲ್ಲಿ ಹೊಸ ಅಮೃತಶಿಲೆಯ ಮಂದಿರ ಏಳುತ್ತಿರುವಾಗ ತವರೂರಿನ ಸಾವಿರ ವರ್ಷದ ಬಸದಿಯಲ್ಲಿ ನಿತ್ಯಪೂಜೆಗೆ ಒಬ್ಬರಿಲ್ಲದಿದ್ದರೆ, ತಾಳೆಗರಿಗಳನ್ನು ಓದಬಲ್ಲವರಿಲ್ಲದಿದ್ದರೆ, ಊರಿನ ಶಾಲೆಗೆ ಪುಸ್ತಕವಿಲ್ಲದಿದ್ದರೆ, ಚತುರ್ವಿಧ ದಾನದ ಲೆಕ್ಕದಲ್ಲಿ ಅದು ಕೊರತೆಯೇ. ಬಸದಿಯ ಗೋಪುರಕ್ಕೆ ಬಣ್ಣ ಹಚ್ಚಿಸುವುದು ಇದಕ್ಕೆ ಪರಿಹಾರವಲ್ಲ. ಆ ಊರಿನಲ್ಲಿ ಎಲ್ಲ ಜನರಿಗೂ ಸಲ್ಲುವ ಒಂದು ಔಷಧಾಲಯ, ಒಂದು ಗ್ರಂಥಾಲಯ, ಒಬ್ಬ ಒಳ್ಳೆಯ ಅಧ್ಯಾಪಕನ ವೇತನ ಇವು ಅತ್ತಿಮಬ್ಬೆಯ ದಾರಿಗೆ ಹತ್ತಿರ.

ಸರ್ಕಾರಗಳಿಗೂ ಸೋಮದೇವನ ಮಾತು ಅನ್ವಯಿಸುತ್ತದೆ. ಹಿಂದುಳಿದ ತಾಲ್ಲೂಕುಗಳಿಗೆ ಅನುದಾನ ಎಂಬ ದಾನವಷ್ಟೇ ಸಾಲದು. ಅಲ್ಲಿಗೆ ವರ್ಗವಾಗುವುದನ್ನು ಅಧಿಕಾರಿಗಳು ಶಿಕ್ಷೆಯೆಂದು ತಿಳಿಯುವವರೆಗೆ, ಅಲ್ಲಿನ ಮಾತನ್ನು ಚಲನಚಿತ್ರಗಳು ನಗೆಪಾಟಲು ಮಾಡುವವರೆಗೆ, ಮಾನ ದೊರೆತಂತಾಗಲಿಲ್ಲ. ಕನ್ನಡದ ತಿರುಳೆಂದು ಲಕ್ಷಣಕಾರನು ಗೌರವಿಸಿದ ನುಡಿ ಇಂದು ಹಾಸ್ಯದ ಸರಕಾಗಿರುವುದು ಸಾಹಿತ್ಯದ ವಿದ್ಯಾರ್ಥಿಗಳು ಮೊದಲು ಪ್ರಶ್ನಿಸಬೇಕಾದ ಅವಮಾನ.

ಸಂಶೋಧಕರ ಪಾಲಿನ ಕೆಲಸವೂ ಇದೆ. ತಿರುಳುಗನ್ನಡದ ಪದ್ಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರಲ್ಲಿ ಒಕ್ಕುಂದವನ್ನು ಕಂಡವರು ಎಷ್ಟು? ಪಟ್ಟದಕಲ್ಲು 1987ರಿಂದ ವಿಶ್ವಪರಂಪರೆಯ ತಾಣವಾದುದರಿಂದ ಪ್ರವಾಸಿಗಳನ್ನು ಕಾಣುತ್ತದೆ, ಉಳಿದ ಮೂರಕ್ಕೆ ಆ ಭಾಗ್ಯ ಅಷ್ಟಿಲ್ಲ. ಈ ನಾಲ್ಕು ಊರುಗಳ ನಡುವಣ ಹಳ್ಳಿಗಳಲ್ಲಿ ಒಂದು ಬೇಸಗೆಯನ್ನು ಕಳೆದು, ಶಾಸನಗಳ ಪಾಠವನ್ನು ಮರುಪರಿಶೀಲಿಸಿ, ಇಂದಿನ ಆಡುಮಾತನ್ನು ದಾಖಲಿಸಿದರೆ, ಕವಿರಾಜಮಾರ್ಗದ ಅಧ್ಯಯನಕ್ಕೂ ಆ ಹಳ್ಳಿಗಳ ಮಾನಕ್ಕೂ ಲಾಭ.

ಪುಷ್ಪದಂತನ ಪ್ರಶ್ನೆಗೆ ಉತ್ತರ ಅವನ ವೃತ್ತಾಂತದಲ್ಲಿಯೇ ಇತ್ತು. ಅರಸರನ್ನು ಕಂಡು ಬೇಸತ್ತು ತೋಪಿನಲ್ಲಿ ಮಲಗಿದ್ದ ಅಪರಿಚಿತನನ್ನು ಮನೆಗೆ ಕರೆದೊಯ್ದು, ಆರು ವರ್ಷ ಅನ್ನವಿಕ್ಕಿ, ಬರೆಯಲು ಬಿಟ್ಟ ಒಬ್ಬ ಭರತನಿದ್ದುದರಿಂದ ಮಾನ್ಯಖೇಟವು ಕವಿಗೆ ನೆಲೆಸಲು ತಕ್ಕ ನಗರವಾಯಿತು. ಮಳಖೇಡದ ಕೋಟೆ ಇಂದು ಪಾಳುಬಿದ್ದಿದೆ, ಮಹಾಪುರಾಣ ಉಳಿದಿದೆ. ಭರತನಂತಹವರು ಕೊಪ್ಪಳದಲ್ಲಿ, ಲಕ್ಷ್ಮೇಶ್ವರದಲ್ಲಿ, ಮುಳಗುಂದದಲ್ಲಿ ಮತ್ತೆ ಕಾಣಿಸಿಕೊಂಡರೆ, ಯಾವ ಊರು ಉತ್ತಮವೆಂದು ತಿಳಿಯಲು ಜನ ಅಂಕಪಟ್ಟಿಗಾಗಿ ಕಾಯಬೇಕಾಗಿಲ್ಲ.